ಶೆಡ್ಡಿನಲ್ಲಿ ನಿಂತೇ ಮುಪ್ಪಾಗುವ ಟಯರು

ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಅನೇಕ ಮನೆಗಳ ಶೆಡ್ಡಿನಲ್ಲಿ ಬೆಲೆಬಾಳುವ ಕಾರೊಂದು ವರ್ಷದ ಹತ್ತು ತಿಂಗಳು ಹೊದಿಕೆ ಹೊದ್ದು ನಿಂತಿರುತ್ತದೆ. ಯಜಮಾನರು ದುಬೈಯಲ್ಲೋ ದೋಹಾದಲ್ಲೋ ಇರುತ್ತಾರೆ. ರಜೆಗೆ ಬಂದಾಗ ಅದೇ ಕಾರಿನಲ್ಲಿ ಮನೆಯವರೆಲ್ಲ ಮಂಗಳೂರಿಗೆ, ಕೊಲ್ಲೂರಿಗೆ ಹೋಗಿ ಬರುತ್ತಾರೆ. ಹಾಗೆ ಬಂದಿದ್ದ ಬಂಧುವೊಬ್ಬರು ಟಯರಿನ ಗೀರಿನೊಳಗೆ ಹೆಬ್ಬೆರಳು ಒತ್ತಿ, "ಗ್ರಿಪ್ ಹೊಸದರ ಹಾಗೆಯೇ ಉಂಟು, ಹನ್ನೊಂದು ಸಾವಿರ ಕಿಲೋಮೀಟರ್ ಕೂಡ ಓಡಿಲ್ಲ" ಎಂದು ಸಂತೋಷಪಟ್ಟರು. ನಾನು ಕುಳಿತು ಟಯರಿನ ಬದಿಯನ್ನು ನೋಡಿದೆ. ಡಿ.ಒ.ಟಿ. ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯಲ್ಲಿ 2317 ಎಂದಿತ್ತು. ಅಂದರೆ ಅದು 2017ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟಯರು. ಅಕ್ಷರಗಳ ಸುತ್ತ ಕೂದಲೆಳೆಯಷ್ಟು ಸಪೂರವಾದ ಬಿರುಕುಗಳು ಹರಡಿದ್ದವು.

ಟಯರು ಸವೆಯುವುದು ಓಡುವುದರಿಂದ, ಓಡದಿದ್ದರೆ ಅದು ಹೊಸದಾಗಿಯೇ ಉಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಓದಿದವರೂ ಅದನ್ನು ಪ್ರಶ್ನಿಸುವುದಿಲ್ಲ. ಈ ನಂಬಿಕೆ ಅರ್ಧ ಮಾತ್ರ ನಿಜ. ಉಳಿದರ್ಧ ರಬ್ಬರಿನ ಸ್ವಭಾವದಲ್ಲಿದೆ, ಮತ್ತು ಆ ಸ್ವಭಾವ ಕಾಸರಗೋಡಿನವರಾದ ನಮಗೆ ಅಪರಿಚಿತವೇನಲ್ಲ.

ಬಂದಡ್ಕ, ಪಾಣತ್ತೂರಿನ ಗುಡ್ಡಗಳಲ್ಲಿ ಬೆಳಗ್ಗೆ ಚಿಪ್ಪಿಗೆ ಇಳಿಯುವ ರಬ್ಬರು ಹಾಲಿಗೆ ಫಾರ್ಮಿಕ್ ಆಮ್ಲ ಬೆರೆಸಿ, ಹೆಪ್ಪುಗಟ್ಟಿದ್ದನ್ನು ಯಂತ್ರದಲ್ಲಿ ಒತ್ತಿ, ಹೊಗೆಗೂಡಿನಲ್ಲಿ ಒಣಗಿಸಿದರೆ ಶೀಟು ಸಿದ್ಧವಾಗುತ್ತದೆ. ಈ ಮರ ನಮ್ಮದಲ್ಲ. 1876ರಲ್ಲಿ ಹೆನ್ರಿ ವಿಕ್ಹ್ಯಾಮ್ ಎಂಬಾತ ಬ್ರೆಜಿಲ್‌ನಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಒಯ್ದ. ಅಲ್ಲಿ ಮೊಳೆತ ಸಸಿಗಳು ಸಿಲೋನಿಗೆ ಬಂದವು. ಏಷ್ಯಾದ ರಬ್ಬರು ತೋಟಗಳ ಕತೆ ಮುಖ್ಯವಾಗಿ ಆ ಸಸಿಗಳಿಂದ ಬೆಳೆದದ್ದು. ಶೀಟಾದ ಹಸಿ ರಬ್ಬರಿನಿಂದ ನೇರವಾಗಿ ಟಯರು ಮಾಡಲಾಗದು, ಏಕೆಂದರೆ ಅದು ಸೆಕೆಗೆ ಅಂಟಾಗುತ್ತದೆ, ಚಳಿಗೆ ಸೆಟೆಯುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದ ರಬ್ಬರು ಈ ಎರಡೂ ದೋಷಗಳನ್ನು ಕಳೆದುಕೊಳ್ಳುವುದನ್ನು ಕಂಡುಕೊಂಡ. ಮರುವರ್ಷ, 1840ರಲ್ಲಿ, ಕ್ರಿಸ್ಟಿಯನ್ ಶೋನ್‌ಬೈನ್ ಎಂಬ ರಸಾಯನ ವಿಜ್ಞಾನಿ ಓಝೋನ್ ಎಂಬ ಹೊಸ ಅನಿಲಕ್ಕೆ ಹೆಸರಿಟ್ಟ. ರಬ್ಬರಿಗೆ ಬಾಳಿಕೆ ಕೊಟ್ಟ ಉಪಾಯವೂ ಅದರ ಬಾಳಿಕೆಯನ್ನು ಕತ್ತರಿಸುವ ವೈರಿಯೂ ಒಂದು ವರ್ಷದ ಅಂತರದಲ್ಲಿ ಬೆಳಕಿಗೆ ಬಂದದ್ದು ನನಗೆ ಸದಾ ವಿಸ್ಮಯ ತರುವ ಸಂಗತಿ.

ಗಂಧಕ ಮಾಡುವುದೇನು? ರಬ್ಬರಿನ ಅಣುಗಳು ಬಹಳ ಉದ್ದನೆಯ ಎಳೆಗಳು. ಆಗಷ್ಟೆ ಒತ್ತಿದ ಶ್ಯಾವಿಗೆಯ ಹಾಗೆ ಅವು ಒಂದರೊಳಗೊಂದು ಹೊಕ್ಕು ಮುದ್ದೆಯಾಗಿರುತ್ತವೆ, ಎಳೆದರೆ ಜಾರುತ್ತವೆ. ಗಂಧಕದ ಪರಮಾಣುಗಳು ಈ ಎಳೆಗಳ ನಡುವೆ ಅಲ್ಲಲ್ಲಿ ಗಂಟು ಹಾಕುತ್ತವೆ. ಗಂಟು ಹಾಕಿದ ಮೇಲೆ ಅದು ಶ್ಯಾವಿಗೆಯಲ್ಲ, ಮೀನಿನ ಬಲೆ: ಎಳೆದರೆ ಅಗಲವಾಗುತ್ತದೆ, ಬಿಟ್ಟರೆ ಮೊದಲಿನ ಆಕಾರಕ್ಕೆ ಬರುತ್ತದೆ. ಗಂಟುಗಳು ಹದವಾಗಿರಬೇಕು. ಗಾಳಿಯ ಆಮ್ಲಜನಕ ಈ ಹದವನ್ನು ವರ್ಷಗಟ್ಟಲೆ ನಿಧಾನವಾಗಿ ಕೆಡಿಸುತ್ತದೆ. ಎಳೆಗಳನ್ನು ಅಲ್ಲಲ್ಲಿ ತುಂಡರಿಸುತ್ತದೆ, ಬೇಡದ ಕಡೆ ಹೊಸ ಗಂಟುಗಳನ್ನೂ ಬಿಗಿಯುತ್ತದೆ. ಹಸಿ ಹಲಸಿನ ಹಪ್ಪಳವನ್ನು ಮಡಚಬಹುದು, ಬಿಸಿಲಿಗೆ ಒಣಗಿದ್ದನ್ನು ಮಡಚಿದರೆ ಲಟಕ್ಕೆಂದು ಮುರಿಯುತ್ತದೆ. ಹಪ್ಪಳ ಕಳೆದುಕೊಳ್ಳುವುದು ನೀರನ್ನು, ರಬ್ಬರು ಕಳೆದುಕೊಳ್ಳುವುದು ಎಳೆಗಳ ಬಳುಕನ್ನು. ಕೈಗೆ ಸಿಗುವ ಫಲ ಮಾತ್ರ ಒಂದೇ.

ಓಝೋನಿನ ದಾಳಿ ಬೇರೆ ಬಗೆಯದು. ನಾವು ಉಸಿರಾಡುವ ಗಾಳಿಯಲ್ಲಿ ಅದು ನೂರು ಕೋಟಿಯಲ್ಲಿ ಕೆಲವು ಹತ್ತು ಭಾಗಗಳಷ್ಟು ಮಾತ್ರ ಇರುತ್ತದೆ. ಆದರೆ ಎಳೆದು ಹಿಡಿದ ರಬ್ಬರಿನ ದ್ವಿಬಂಧಗಳನ್ನು (ಎಳೆಯಲ್ಲಿ ಪರಮಾಣುಗಳು ಜೋಡಿ ಕೊಂಡಿಯಿಂದ ಸೇರಿರುವ ಜಾಗಗಳನ್ನು) ಕೊಯ್ಯಲು ಅಷ್ಟೇ ಸಾಕು, ಮತ್ತು ಬಿರುಕು ಎಳೆತಕ್ಕೆ ಅಡ್ಡವಾಗಿಯೇ ಬೀಳುತ್ತದೆ. ನಿಂತ ಕಾರಿನ ಭಾರಕ್ಕೆ ಟಯರಿನ ಬದಿ ಉಬ್ಬಿ ಎಳೆದುಕೊಂಡಿರುವುದರಿಂದ ಓಝೋನಿಗೆ ಅದೇ ಜಾಗ ಅನುಕೂಲ. ಇದನ್ನು ತಡೆಯಲು ತಯಾರಕರು ರಬ್ಬರಿನೊಳಗೆ ಮೇಣವನ್ನೂ ಓಝೋನ್ ನಿರೋಧಕ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಅವು ನಿಧಾನವಾಗಿ ಒಳಗಿನಿಂದ ಮೇಲ್ಮೈಗೆ ಒಸರಿ ತೆಳುವಾದ ರಕ್ಷಾಪದರವಾಗುತ್ತವೆ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಅಡಕೆ ಗೊನೆಗೆ ಬೋರ್ಡೋ ದ್ರಾವಣ ಸಿಂಪಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಂದು ಸಲ ಹೊಡೆದ ಮದ್ದು ಮಳೆಗೆ ತೊಳೆದು ಹೋಗುತ್ತದೆ, ಮತ್ತೆ ಹೊಡೆಯಬೇಕು. ಟಯರು ತನಗೆ ತಾನೇ ಮತ್ತೆ ಮತ್ತೆ ಮದ್ದು ಹೊಡೆದುಕೊಳ್ಳುವುದು ಉರುಳುವಾಗ. ಬಾಗಿ ಬಳುಕಿ ಬಿಸಿಯಾದಾಗ ಮೇಣ ಚೆನ್ನಾಗಿ ಮೇಲೆ ಬರುತ್ತದೆ. ಹತ್ತು ತಿಂಗಳು ಅಲ್ಲಾಡದ ಟಯರು ಮದ್ದು ಕಾಣದ ತೋಟ. (ಬೋರ್ಡೋ ದ್ರಾವಣದ ಮೈಲುತುತ್ತವನ್ನು ಕಾರಿನ ಪಕ್ಕದಲ್ಲಿ ಇಡುವವರು ಗಮನಿಸಬೇಕು: ಅದರಂಥ ತಾಮ್ರದ ಲವಣಗಳು ರಬ್ಬರಿನ ಉತ್ಕರ್ಷಣವನ್ನು, ಎಂದರೆ ಆಮ್ಲಜನಕ ಅದನ್ನು ಕೆಡಿಸುವುದನ್ನು, ವೇಗಗೊಳಿಸುತ್ತವೆ. ಕಿಡಿ ಹಾರುವ ಮೋಟರುಗಳಿಂದ ಓಝೋನ್ ಹುಟ್ಟುತ್ತದೆಯಾದ್ದರಿಂದ ಅವನ್ನೂ ದೂರವಿಡುವುದು ಒಳ್ಳೆಯದು.)

ಸೆಕೆ ಹೆಚ್ಚಿದಂತೆ ಇಂಥ ರಾಸಾಯನಿಕ ಕ್ರಿಯೆಗಳ ವೇಗವೂ ಹೆಚ್ಚುತ್ತದೆ. ತಗಡು ಹೊದಿಸಿದ ಶೆಡ್ಡಿನ ಏಪ್ರಿಲ್ ಮಧ್ಯಾಹ್ನವನ್ನು ನೆನೆಸಿಕೊಳ್ಳಿ. ಹಲವು ಕಾರು ತಯಾರಕರು ಗೀರು ಎಷ್ಟೇ ಉಳಿದಿರಲಿ, ಆರು ವರ್ಷವಾದ ಟಯರನ್ನು ಬದಲಿಸಿ ಎನ್ನುತ್ತಾರೆ. ಟಯರು ತಯಾರಕರು ಸಾಮಾನ್ಯವಾಗಿ ಐದು ವರ್ಷದ ಬಳಿಕ ಪ್ರತಿವರ್ಷ ಪರೀಕ್ಷೆ ಮಾಡಿಸಿ, ಹತ್ತು ವರ್ಷ ದಾಟಿಸಲೇಬೇಡಿ ಎನ್ನುತ್ತಾರೆ. ನಮ್ಮ ಹವೆಯಲ್ಲಿ ನಿಂತೇ ಇರುವ ಕಾರಿಗೆ ಆರು ವರ್ಷದ ಲೆಕ್ಕವೇ ಸರಿಯೆಂದು ನನ್ನ ಅಭಿಪ್ರಾಯ.

ಓಡುವ ಕಾರಿನ ಲೆಕ್ಕ ಸರಳ. ಹೊಸ ಟಯರಿನ ಗೀರು ಸುಮಾರು 8 ಮಿಲಿಮೀಟರ್ ಆಳವಿರುತ್ತದೆ. ಕಾನೂನಿನ ಕೊನೆಯ ಮಿತಿ 1.6 ಮಿಲಿಮೀಟರ್. ಗೀರಿನ ತಳದಲ್ಲಿ ಅಡ್ಡಲಾಗಿ ಇರುವ ಸಣ್ಣ ದಿಣ್ಣೆಗಳು ಮೇಲ್ಮೈಗೆ ಸಮವಾದರೆ ಆ ಮಿತಿ ಮುಟ್ಟಿತೆಂದು ತಿಳಿಯಬೇಕು. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯಲ್ಲಿ ಅಲ್ಲಿಯವರೆಗೆ ಕಾಯಬಾರದು. ರಸ್ತೆಯಲ್ಲಿ 3 ಮಿಲಿಮೀಟರ್ ನೀರು ನಿಂತಿದೆ, 20 ಸೆಂಟಿಮೀಟರ್ ಅಗಲಕ್ಕೆ ನೆಲ ಮುಟ್ಟುವ ಟಯರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳೋಣ. ಒಂದೇ ಸೆಕೆಂಡಿನಲ್ಲಿ ಅದು ಸುಮಾರು 13 ಲೀಟರ್, ಎಂದರೆ ಹೆಚ್ಚುಕಡಿಮೆ ಒಂದು ಕೊಡಪಾನ ನೀರನ್ನು ದಾರಿಯಿಂದ ಸರಿಸಬೇಕು. ಗೀರುಗಳು ಅದಕ್ಕಿರುವ ಚರಂಡಿಗಳು. ಚರಂಡಿ ತುಂಬಿದರೆ ಟಯರು ನೀರಿನ ಮೇಲೇರಿ ದೋಣಿಯಾಗುತ್ತದೆ. ವಿಮಾನದ ಗಾಲಿಗಳಿಗಾಗಿ ನಾಸಾದಲ್ಲಿ ರೂಪುಗೊಂಡ ಸೂತ್ರದ ಪ್ರಕಾರ, 33 ಪಿ.ಎಸ್.ಐ. ಒತ್ತಡಕ್ಕೆ ಗಾಳಿ ತುಂಬಿದ ಬೋಳು ಟಯರು ಆಳವಾದ ನೀರಿನಲ್ಲಿ ಗಂಟೆಗೆ ಸುಮಾರು 95 ಕಿಲೋಮೀಟರ್ ವೇಗಕ್ಕೆ ನೆಲ ಬಿಡುತ್ತದೆ. ಆರು ಪಥದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಆ ವೇಗ ಸಲೀಸಾಗಿ ಬರುತ್ತದೆ. ಆದುದರಿಂದ ಗೀರು 3 ಮಿಲಿಮೀಟರಿಗೆ ಇಳಿದರೆ, ಮಳೆಗಾಲಕ್ಕೆ ಮುನ್ನವೇ ಟಯರು ಬದಲಿಸಬೇಕು.

ದುಬಾರಿ ಕಾರಿನ ಅಪಾಯವೆಂದರೆ ಅದರ ಸುಖವೇ. ಅಗಲವಾದ ಟಯರಿಗೆ ಹೆಚ್ಚು ನೀರು ಎದುರಾಗುತ್ತದೆ. ಒಳಗಿನ ನಿಶ್ಶಬ್ದದಲ್ಲಿ ಟಯರಿನ ಗುಂಯ್ ಎಂಬ ದೂರು ಕಿವಿಗೆ ಬೀಳುವುದಿಲ್ಲ. ಎರಡು ಟನ್ ತೂಕದ ಕಾರು ಒಂದೊಂದು ಗಾಲಿಯಲ್ಲಿ ನೆಲ ಮುಟ್ಟುವ ಜಾಗ ಬೆರಳು ಸೇರಿಸಿದ ಒಂದು ಹಸ್ತಕ್ಕಿಂತ ತುಸು ದೊಡ್ಡದು, ಅಷ್ಟೆ. ಬ್ರೇಕು ಹಾಕಿದಾಗ ಗಾಲಿ ಕಚ್ಚಿ ನಿಲ್ಲದಂತೆ ತಡೆಯುವ ಎ.ಬಿ.ಎಸ್. ಆಗಲಿ ಬೇರೆ ಯಾವ ಗಣಕಯಂತ್ರವಾಗಲಿ ಆ ನಾಲ್ಕು ಹಸ್ತಗಳ ಹಿಡಿತವನ್ನು ಹೆಚ್ಚಿಸಲಾರದು. ಹೊಸ ಕಾರಿನ ಗಾಲಿಗಳ ಅಡಿಗೆ ನಾಲ್ಕು ನಿಂಬೆಹಣ್ಣು ಇಡುವವರ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಬಗ್ಗಿ ಇಡುವ ಆ ಹೊತ್ತಿನಲ್ಲಿ ಟಯರಿನ ಬದಿಯನ್ನೂ ಒಮ್ಮೆ ಓದಿರೆಂದು ಬೇಡುತ್ತೇನೆ. ಸಾರಜನಕ ತುಂಬಿಸಿದರೆ ಟಯರು ಮುಪ್ಪಾಗದು ಎಂಬ ಮಾತನ್ನೂ ನೆಚ್ಚಬಾರದು: ಗಾಳಿಯಲ್ಲಿ ಶೇಕಡಾ 78 ಭಾಗ ಸಾರಜನಕವೇ ಇದೆ, ಮತ್ತು ಓಝೋನ್ ದಾಳಿ ಮಾಡುವುದು ಹೊರಗಿನಿಂದ.

ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹೋಗುವ ಕಾರುಗಳಲ್ಲಿ ಒಂದೇ ಟಯರು ಬದಲಿಸಿದರೆ ಸುತ್ತಳತೆಯ ವ್ಯತ್ಯಾಸದಿಂದ ಗಿಯರಿನ ಭಾಗಗಳಿಗೆ ಹಾನಿಯಾಗಬಹುದಾದ್ದರಿಂದ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ವಾಡಿಕೆ. ಬಂಧುಗಳು ಕೊನೆಗೆ ನಾಲ್ಕನ್ನೂ ಬದಲಿಸಲು ಒಪ್ಪಿ ಅಂಗಡಿಗೆ ಹೊರಟರು. ಹೊಸ ಟಯರೂ ಗೋದಾಮಿನಲ್ಲಿ ಎರಡು ಮೂರು ವರ್ಷ ಕುಳಿತಿರಬಹುದು. ತಾರೀಕಿನ ಆ ನಾಲ್ಕು ಅಂಕೆಗಳು ಹಲವು ಟಯರುಗಳಲ್ಲಿ ಒಂದೇ ಬದಿಯಲ್ಲಿರುತ್ತವೆ, ಆ ಬದಿ ಕಾರಿನೊಳಮುಖವಾಗಿ ಕುಳಿತರೆ ಆಮೇಲೆ ಓದುವುದು ಕಷ್ಟ. ಹಾಗಾಗಿ ರಿಮ್ಮಿಗೆ ಏರಿಸುವ ಮೊದಲೇ ನಾಲ್ಕನ್ನೂ ನೆಲಕ್ಕಿಳಿಸಿ, ತಿರುಗಿಸಿ ಓದಿ ನೋಡುವಂತೆ ಹೇಳಿ ಕಳುಹಿಸಿದೆ.