ತಪ್ಪು ಒಬ್ಬರದು, ತೋಟ ಯಾರದು?

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕಳೆದ ವರ್ಷ ನನ್ನ ಕಚೇರಿಗೆ ಬಂದಾಗ ಕಂಕುಳಲ್ಲಿ ದಪ್ಪನೆಯ ಫೈಲೊಂದಿತ್ತು. ಹೆಂಡತಿಯ ಮೊಬೈಲಿನಿಂದ ತೆಗೆದ ವಾಟ್ಸ್ಯಾಪ್ ಸಂದೇಶಗಳನ್ನು ಬಣ್ಣದ ಪ್ರಿಂಟ್ ಹಾಕಿಸಿ, ದಿನಾಂಕದ ಪ್ರಕಾರ ಜೋಡಿಸಿ, ಮುಖ್ಯವೆನಿಸಿದ ಸಾಲುಗಳಿಗೆಲ್ಲ ಹಸಿರು ಗೆರೆ ಎಳೆದಿದ್ದರು. ಅರ್ಧ ಗಂಟೆ ಅವನ್ನೆಲ್ಲ ತೋರಿಸಿ, "ಇಷ್ಟಿದ್ರೆ ಸಾಕಲ್ರೀ ಸರ್, ಒಂದು ರೂಪಾಯಿನೂ ಕೊಡೋ ಹಂಗಿಲ್ಲ" ಎಂದರು. ಕಳೆದ ಮೂರು ವರ್ಷಗಳ ಅಡಿಕೆ ಮಾರಾಟದ ಪಟ್ಟಿಗಳನ್ನು ತಂದಿದ್ದೀರಾ ಎಂದು ನಾನು ಕೇಳಿದೆ. ಅವರು ನನ್ನನ್ನು ಎದುರುಪಕ್ಷದ ವಕೀಲನನ್ನು ನೋಡುವಂತೆ ನೋಡಿದರು.

ದಾವಣಗೆರೆಯ ಕೌಟುಂಬಿಕ ನ್ಯಾಯಾಲಯದಲ್ಲಿ ಪ್ರಕರಣ ನಡೆಸುವ ಯಾವ ವಕೀಲರಿಗೂ ಇದು ಹೊಸ ಅನುಭವವಲ್ಲ. ನಮ್ಮ ಕಡೆಯ ಜನ ಕೋರ್ಟಿಗೆ ಬರುವ ಮೊದಲು ಊರ ಹಿರಿಯರ ಮುಂದೆ ಒಂದೆರಡು ಸಲವಾದರೂ ಕೂತು ಬಂದಿರುತ್ತಾರೆ. ಅಲ್ಲಿ ಮೊದಲ ಪ್ರಶ್ನೆ ತಪ್ಪು ಯಾರದೆಂಬುದು, ಎರಡನೆಯದು ತಪ್ಪುದಂಡ ಎಷ್ಟೆಂಬುದು. ಜೀವನಾಂಶವನ್ನೂ ಅವರು ತಪ್ಪುದಂಡದ ಲೆಕ್ಕದಲ್ಲೇ ನೋಡುತ್ತಾರೆ: ತಪ್ಪು ಮಾಡಿದವರು ಕಟ್ಟಬೇಕು, ತಪ್ಪು ಮಾಡದವರು ಪಡೆಯಬೇಕು. ಎಷ್ಟು ಸಲ ಹೇಳಿದರೂ ಈ ಎಣಿಕೆ ತಲೆಯಿಂದ ಇಳಿಯುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನಾನು ಹೇಳುತ್ತಿರುವುದು ಮುಖ್ಯವಾಗಿ 1955ರ ಹಿಂದೂ ವಿವಾಹ ಕಾಯ್ದೆಯ ವಿಚಾರ. ಬೇರೆ ವೈಯಕ್ತಿಕ ಕಾನೂನುಗಳಿಗೆ ಒಳಪಟ್ಟವರು ಇದನ್ನೇ ತಮಗೂ ಅನ್ವಯಿಸಿಕೊಳ್ಳಬಾರದು.

ಈ ಕಾಯ್ದೆಯ 13ನೇ ಕಲಂ ಪ್ರಕಾರ ವ್ಯಭಿಚಾರ, ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ ಇವೆಲ್ಲ ವಿಚ್ಛೇದನಕ್ಕೆ ಕಾರಣಗಳು. 2018ರಲ್ಲಿ ಸುಪ್ರೀಂ ಕೋರ್ಟ್ ವ್ಯಭಿಚಾರವನ್ನು ಅಪರಾಧದ ಪಟ್ಟಿಯಿಂದ ತೆಗೆದ ಮೇಲೂ ವಿಚ್ಛೇದನದ ಕಾರಣವಾಗಿ ಅದು ಉಳಿದಿದೆ. ಅಲ್ಲಿಗೆ ಆ ಫೈಲಿನ ದೊಡ್ಡ ಕೆಲಸ ಮುಗಿಯಿತು. ಶಾಶ್ವತ ಜೀವನಾಂಶದ ಪ್ರಶ್ನೆ 25ನೇ ಕಲಮಿನದು. ಅದರಡಿ ನ್ಯಾಯಾಧೀಶರು ಇಬ್ಬರ ಆದಾಯ, ಇಬ್ಬರ ಆಸ್ತಿ, ಇಬ್ಬರ ನಡತೆ ಮತ್ತು ಪ್ರಕರಣದ ಇತರ ಸಂದರ್ಭಗಳನ್ನು ಗಮನಿಸಿ ಮೊತ್ತ ನಿರ್ಧರಿಸುತ್ತಾರೆ. ನಡತೆ ಆ ಸಾಲಿನಲ್ಲಿದೆ, ನಿಜ. ಆದರೆ ಉಳಿದ ಕಾಳುಗಳ ಜೊತೆ ಒಂದೇ ತಕ್ಕಡಿಯಲ್ಲಿ ಬೀಳುವ ಒಂದು ಕಾಳಾಗಿ ಮಾತ್ರ ಇದೆ. ತೀರಾ ಹೀನ ನಡತೆ ಸಾಬೀತಾದಾಗ ಮೊತ್ತ ಕಡಿಮೆಯಾಗಬಹುದು, ಕೆಲವೊಮ್ಮೆ ಅರ್ಜಿಯೇ ವಜಾ ಆಗಬಹುದು. ಆದರೆ ಕ್ರೌರ್ಯದ ಕಾರಣಕ್ಕೆ ವಿಚ್ಛೇದನಕ್ಕೆ ಗುರಿಯಾದ ಹೆಂಡತಿಗೂ ಆಕೆಗೆ ಬೇರೆ ಆಸರೆಯಿಲ್ಲವೆಂದು ಕಂಡಾಗ ಜೀವನಾಂಶ ಕೊಟ್ಟ ಆದೇಶಗಳು ಬೇಕಾದಷ್ಟಿವೆ.

ಇನ್ನೊಂದು ದಾರಿ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಾಗಿದ್ದು ಎಲ್ಲರ ಬಾಯಲ್ಲಿ ಇವತ್ತಿಗೂ "ಒನ್ ಟ್ವೆಂಟಿಫೈವ್" ಎಂದೇ ಉಳಿದಿರುವ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿರುವ ಮಾಸಿಕ ಜೀವನಾಂಶದ ದಾರಿ. ಹೆಂಡತಿ ವ್ಯಭಿಚಾರದಲ್ಲಿ ಬದುಕುತ್ತಿದ್ದರೆ ಆಕೆಗೆ ಹಕ್ಕಿಲ್ಲವೆಂದು ಅಲ್ಲಿ ಸ್ಪಷ್ಟವಾಗಿಯೇ ಇದೆ. 'ಬದುಕುತ್ತಿದ್ದರೆ' ಎಂಬ ಮಾತನ್ನು ನ್ಯಾಯಾಲಯಗಳು ಮುಂದುವರಿದಿರುವ ಸಂಬಂಧ ಎಂದೇ ಅರ್ಥೈಸುತ್ತ ಬಂದಿವೆ. ಎಂದೋ ಒಮ್ಮೆ ಕಾಲು ಜಾರಿದ್ದಕ್ಕೆ, ಮುಗಿದುಹೋದ ಪ್ರಕರಣವೊಂದಕ್ಕೆ ಅದು ಅನ್ವಯಿಸುವುದಿಲ್ಲ. ಗಂಡನನ್ನು ಬಿಟ್ಟುಹೋದಳೆಂಬ ಕಾರಣಕ್ಕೇ ವಿಚ್ಛೇದಿತಳಾದ ಮಹಿಳೆಯೂ ವಿಚ್ಛೇದನದ ನಂತರ ಈ ಕಲಮಿನಡಿ ಜೀವನಾಂಶ ಕೇಳಬಹುದೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಮಕ್ಕಳ ಪಾಲನೆಯ ಹಣಕ್ಕಂತೂ ತಾಯಿಯ ನಡತೆಯಾಗಲಿ ತಂದೆಯ ನಡತೆಯಾಗಲಿ ಅಡ್ಡಬರುವುದಿಲ್ಲ. ಇದನ್ನು ಹೇಳಿದಾಗ ಬಿಗುವಾದ ಮುಖ ಸಡಿಲಗೊಳ್ಳುವ ತಂದೆಯರೂ ಇದ್ದಾರೆ, ಅದನ್ನೂ ಹೇಳಬೇಕು.

ಹೆಣ್ಣಿನ ಕಡೆಯವರ ತಪ್ಪು ಲೆಕ್ಕ ಆಸ್ತಿಯದು. ಹರಿಹರ ತಾಲ್ಲೂಕಿನ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಬಂದು, ನಾಲ್ಕು ಮಡಿಕೆ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಪಹಣಿಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಅಳಿಯ ಇನ್ನೊಬ್ಬಳ ಜೊತೆ ಇದ್ದಾನೆಂಬುದು ಊರಿಗೇ ಗೊತ್ತಿರುವಾಗ ಭದ್ರಾ ನಾಲೆಯ ಆ ಗದ್ದೆಯಲ್ಲಿ ಮಗಳಿಗೆ ಅರ್ಧ ಬರಲೇಬೇಕೆಂಬುದು ಅವರ ವಾದ. ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ 9ನೇ ಕಾಲಮಿನಲ್ಲಿದ್ದದ್ದು ಅಳಿಯನ ಹೆಸರೂ ಅಲ್ಲ, ಅವನ ತಂದೆಯ ಹೆಸರು. ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ಎಂಬ ನಿಯಮ ನಮ್ಮ ಕಾನೂನಿನಲ್ಲಿ ಇಲ್ಲ. ಗೋವಾದ ಪದ್ಧತಿ ಬೇರೆ, ಅದು ಇಲ್ಲಿಗೆ ಬರುವುದಿಲ್ಲ. ಆಸ್ತಿ ಯಾರ ಹಕ್ಕಿನದೋ ಅವರದಾಗಿಯೇ ಉಳಿಯುತ್ತದೆ, ತಪ್ಪು ಯಾರದೇ ಇರಲಿ.

ಹಾಗೆಂದು ಬರಿಗೈಯಲ್ಲಿ ಹೋಗಬೇಕೆಂದಲ್ಲ. ಜೀವನಾಂಶದ ಮೊತ್ತಕ್ಕೆ ಭದ್ರತೆಯಾಗಿ ಗಂಡನ ಸ್ಥಿರಾಸ್ತಿಯ ಮೇಲೆ ಬೋಜಾ, ಅಂದರೆ ಋಣಭಾರ, ಹಾಕಲು 25ನೇ ಕಲಮಿನಲ್ಲೇ ಅವಕಾಶವಿದೆ. ಆಸ್ತಿ ಪಿತ್ರಾರ್ಜಿತವಾಗಿದ್ದರೆ ಮೊಮ್ಮಕ್ಕಳ ಪಾಲು ಹುಟ್ಟಿನಿಂದ ಬಂದದ್ದು, ಅದನ್ನು ಪ್ರತ್ಯೇಕವಾಗಿ ಕೇಳಬಹುದು. ಮದುವೆ ಊರ್ಜಿತವಿರುವಾಗ ವಾಸದ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಕೇಳಬಹುದು. ಮನೆ ಮಾವನ ಹೆಸರಿನಲ್ಲಿದೆ ಎಂಬುದಷ್ಟೇ ಅದಕ್ಕೆ ತಡೆಯಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಅದು ವಾಸದ ಹಕ್ಕೇ ಹೊರತು ಒಡೆತನವಲ್ಲ. ಸ್ತ್ರೀಧನ ಆಕೆಯದೇ, ಆಕೆಯ ನಡತೆಯ ಬಗ್ಗೆ ಯಾರು ಏನೇ ಸಾಬೀತುಪಡಿಸಿದರೂ ಆಕೆಯದೇ. ಒಡವೆಯ ರಸೀದಿಗಳಿವೆಯೇ ಎಂದು ಕೇಳಿದರೆ ಆ ತಾಯಿ ಮದುವೆಯ ಆಲ್ಬಂ ಇದೆ ಎಂದರು. ಅದೂ ಉಪಯೋಗಕ್ಕೆ ಬರುತ್ತದೆ, ತನ್ನಿ ಎಂದೆ.

ಆದ್ದರಿಂದಲೇ ನಾನು ಮಾರಾಟದ ಪಟ್ಟಿ ಕೇಳುವುದು. 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಕೃಷಿಕರಿಗೆ ಬೇರೆಯದೇ ನಮೂನೆಯಿದೆ: ಜಮೀನು ತರಿಯೋ ಖುಷ್ಕಿಯೋ, ಯಾವ ಬೆಳೆ, ಎಮ್ಮೆ ಹಸು ಆಡು ಕೋಳಿಗಳಿಂದ ಬರುವ ಆದಾಯವೆಷ್ಟು ಎಂಬುವವರೆಗೆ ಬರೆಯಬೇಕು. ಮೊತ್ತ ಬಹುಪಾಲು ಇಲ್ಲಿ ತೀರ್ಮಾನವಾಗುತ್ತದೆ. ಹೆಂಡತಿಯ ತಪ್ಪಿಗೆ ಇನ್ನೂರು ಪುಟ ಹೊಂದಿಸಿದವರು ಈ ನಮೂನೆಯಲ್ಲಿ ಹತ್ತು ಎಕರೆ ತೋಟಕ್ಕೆ "ಆದಾಯ ಇಲ್ಲ" ಎಂದು ಬರೆಸಲು ಹೊರಟಾಗ ನನಗೆ ಸಿಟ್ಟು ಬರುತ್ತದೆ. ಸುಳ್ಳು ಪ್ರಮಾಣಪತ್ರ ಅವರ ನಡತೆಯ ಲೆಕ್ಕಕ್ಕೂ ಸೇರುತ್ತದೆ.

ಚನ್ನಗಿರಿಯವರ ಪ್ರಕರಣ ಕೊನೆಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಬಂತು. ಎರಡು ಕಂತಿನ ಇಡಿಗಂಟು, ಮಗಳ ಹೆಸರಿಗೆ ಠೇವಣಿ. ಜಂಟಿ ಅರ್ಜಿಗೆ ಸಹಿ ಮಾಡುವ ದಿನ ಅವರು ಪುಟ ತಿರುವಿ ತಿರುವಿ ನೋಡಿ, "ಇದ್ರಲ್ಲಿ ಆಕಿ ತಪ್ಪು ಎಲ್ಲಿ ಬರ್ದೀರಿ ಸರ್?" ಎಂದರು. ಬರೆದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿರುವುದನ್ನು ತೋರಿಸಿ, ಅದನ್ನು ತಿದ್ದಿಸಿದ ಮೇಲೆ ಸಹಿ ಹಾಕಿದರು.