ಹೊಣೆ: ಹೊರುವುದು, ಹೊರಿಸುವುದು

‘ಇದಕ್ಕೆ ಯಾರು ಹೊಣೆ?’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಏನೋ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಕೆಲಸ ಚೆನ್ನಾಗಿ ಮುಗಿದಾಗ ಯಾರೂ ಹೀಗೆ ಕೇಳುವುದಿಲ್ಲ. ಕೇಳಿ ಕೇಳಿ ಹೊಣೆಗಾರ ಎಂದರೆ ತಪ್ಪಿತಸ್ಥ ಎಂದೇ ನಮಗೆ ರೂಢಿಯಾಗಿಬಿಟ್ಟಿದೆ. ಪದದ ಮೂಲಕ್ಕೆ ಹೋದರೆ ಅಲ್ಲಿ ತಪ್ಪಿನ ಸುಳಿವೇ ಇಲ್ಲ.

ಹಳಗನ್ನಡದಲ್ಲಿ ಇದು ‘ಪೊಣೆ’. ಪಾಲು ಹಾಲಾದಂತೆ, ಪೂ ಹೂವಾದಂತೆ, ಪೊಣೆ ಹೊಣೆಯಾಯಿತು. ಅರ್ಥ ಜಾಮೀನು: ಒಬ್ಬನ ಸಾಲಕ್ಕೋ ಮಾತಿಗೋ ಇನ್ನೊಬ್ಬ ‘ನಾನಿದ್ದೇನೆ’ ಎಂದು ನಿಲ್ಲುವುದು. ತಮಿಳಿನ ‘ಪುಣೈ’ ಇದರ ನೆಂಟ. ಅದಕ್ಕೆ ಜಾಮೀನು ಎಂಬ ಅರ್ಥವೂ ಇದೆ, ತೆಪ್ಪ ಎಂಬ ಅರ್ಥವೂ ಇದೆ. ದಿಮ್ಮಿಗಳನ್ನು ಬಿಗಿದು ಕಟ್ಟಿದ್ದು ತೆಪ್ಪ. ಒಬ್ಬನ ಗತಿಗೆ ಇನ್ನೊಬ್ಬ ತನ್ನನ್ನು ಕಟ್ಟಿಕೊಂಡದ್ದು ಹೊಣೆ. ಒಂದೇ ಪದದಲ್ಲಿ ಎರಡೂ ಹೇಗೆ ಸೇರಿದವು ಎಂದು ಯೋಚಿಸುತ್ತಾ ಕುಳಿತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಜಾಮೀನಿನ ವ್ಯವಹಾರವನ್ನು ಸ್ವಲ್ಪ ನೋಡಿ. ಅಲ್ಲಿ ಮೂವರಿದ್ದಾರೆ. ಕೊಡುವವನಿಗೆ ಪಡೆಯುವವನ ಮೇಲೆ ಪೂರ್ತಿ ನಂಬಿಕೆಯಿಲ್ಲ, ನಡುವೆ ನಿಂತವನ ಮೇಲಿದೆ. ಆ ನಂಬಿಕೆಯ ಮೇಲೆಯೇ ಸಾಲ ಹುಟ್ಟುತ್ತದೆ. ಹೊಣೆ ನಿಂತವನು ಒಂದು ಪೈಸೆಯನ್ನೂ ಮುಟ್ಟಿರುವುದಿಲ್ಲ. ಆದರೂ 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನ ಬಾಧ್ಯತೆ ಎಷ್ಟೋ ಅವನದೂ ಅಷ್ಟೇ. ‘ಮೊದಲು ಅವನನ್ನು ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ’ ಎನ್ನಲು ಸಾಮಾನ್ಯವಾಗಿ ಅವಕಾಶವಿಲ್ಲ. ನಾಯಕ ಅನ್ನಿಸಿಕೊಂಡವರ ಜಾಗ ಇದೇ ಎಂದು ನನಗೆ ತೋರುತ್ತದೆ. ತಂಡದಲ್ಲಿ ಲೆಕ್ಕ ತಪ್ಪಿಸಿದವನು ಬೇರೆಯವನೇ ಇರಬಹುದು. ಕೆಲಸ ಒಪ್ಪಿಸಿದವರು ನಂಬಿದ್ದು ಮಾತ್ರ ಅವನನ್ನಲ್ಲ, ಮುಂದೆ ನಿಂತು ಮಾತು ಕೊಟ್ಟವರನ್ನು.

‘ಜವಾಬ್ದಾರಿ’ಯ ಹುಟ್ಟೇ ಬೇರೆ. ಜವಾಬು ಎಂದರೆ ಉತ್ತರ. ಉತ್ತರ ಕೊಡಬೇಕಾದವನು ಜವಾಬ್ದಾರ. ‘ಉತ್ತರದಾಯಿತ್ವ’ ಎಂಬ ಆಡಳಿತದ ಪದದಲ್ಲೂ ಇರುವುದು ಅದೇ. ಇವು ಪ್ರಶ್ನೆ ಬಂದಮೇಲೆ ಎದ್ದು ನಿಲ್ಲುವ ಪದಗಳು. ಹೊಣೆಯಾದರೋ ಏನೂ ಆಗುವ ಮೊದಲೇ ಹೊತ್ತದ್ದು. ಮಾತಿನಲ್ಲಿ ಎರಡನ್ನೂ ಅದಲುಬದಲು ಮಾಡುತ್ತೇವೆ, ಅದರಿಂದ ನಷ್ಟವೇನಿಲ್ಲ. ಆದರೆ ಇನ್ನೊಬ್ಬರಿಗೆ ಕೆಲಸ ಹಂಚುವಾಗ ಈ ವ್ಯತ್ಯಾಸ ನೆನಪಿದ್ದರೆ ಒಳ್ಳೆಯದು: ಜವಾಬ್ದಾರಿಯನ್ನು ವಹಿಸಬಹುದು, ವಹಿಸಿದವರ ಹೊಣೆ ಅಷ್ಟರಿಂದ ಇಳಿಯುವುದಿಲ್ಲ.

ಹೊಣೆ ತಪ್ಪಿಸಿಕೊಳ್ಳಲು ಕನ್ನಡದ ವ್ಯಾಕರಣ ಧಾರಾಳವಾಗಿ ನೆರವಾಗುತ್ತದೆ, ಇದನ್ನು ಒಪ್ಪಿಕೊಳ್ಳಲೇಬೇಕು. ‘ಲೋಟ ಒಡೆದುಹೋಯ್ತು.’ ‘ತಡವಾಯಿತು.’ ‘ಕಣ್ತಪ್ಪಿನಿಂದ ಆಗಿದೆ.’ ಎಲ್ಲವೂ ತಾನಾಗಿಯೇ ಆಗಿಬಿಡುತ್ತವೆ, ಮಾಡಿದವರು ಮಾತ್ರ ವಾಕ್ಯದಲ್ಲಿ ಎಲ್ಲೂ ಸಿಗುವುದಿಲ್ಲ. ‘ತಡ ಮಾಡಿದೆ’ ಎನ್ನಲು ‘ತಡವಾಯಿತು’ ಎನ್ನುವುದಕ್ಕಿಂತ ಹೆಚ್ಚು ಉಸಿರೇನೂ ಬೇಡ, ಆದರೂ ನಾಲಿಗೆ ತಾನಾಗಿ ‘ಆಯಿತು’ ಕಡೆಗೇ ಹೊರಳುತ್ತದೆ. ನನ್ನದೂ ಹಾಗೆಯೇ.

ಇದೇ ಜಾಗದಲ್ಲಿ ಎಡವಿ, ತನ್ನನ್ನು ತಾನೇ ತಿದ್ದಿಕೊಂಡ ಒಬ್ಬರ ಕೈಬರಹ ಉಳಿದಿದೆ. ಎರಡನೇ ಮಹಾಯುದ್ಧದ ನಡುವೆ, 1944ರ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಮಿತ್ರರಾಷ್ಟ್ರಗಳ ಸೈನ್ಯ ಇಳಿಯುವ ಮುನ್ನ ಅದರ ದಂಡನಾಯಕ, ಅಮೆರಿಕದ ಐಸೆನ್‌ಹೋವರ್, ಒಂದು ವೇಳೆ ಸೋತರೆ ಹೊರಡಿಸಲು ಒಂದು ಚೀಟಿ ಬರೆದಿಟ್ಟುಕೊಂಡರು. ‘ಪಡೆಗಳನ್ನು ಹಿಂದಕ್ಕೆ ಕರೆಸಲಾಗಿದೆ’ ಎಂಬರ್ಥದ ಸಾಲನ್ನು ಹೊಡೆದುಹಾಕಿ, ‘ನಾನು ಪಡೆಗಳನ್ನು ಹಿಂದಕ್ಕೆ ಕರೆಸಿದ್ದೇನೆ’ ಎಂದು ಮಾಡಿದರು. ಸೈನಿಕರು ಕೈಲಾದದ್ದೆಲ್ಲ ಮಾಡಿದರು, ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದೇ ಎಂದು ಮುಗಿಸಿದರು. ದಿನಾಂಕ ಹಾಕುವಾಗ ಜೂನ್ ಬದಲು ಜುಲೈ ಎಂದು ಬರೆದದ್ದು ನೋಡಿದರೆ ಅವರ ಮನಸ್ಸು ಎಷ್ಟು ಕಲಕಿತ್ತೆಂದು ಊಹಿಸಬಹುದು. ಆದರೂ ವಾಕ್ಯದೊಳಗೆ ‘ನಾನು’ ಬಂದು ನಿಂತಿತು. ದಾಳಿ ಗೆದ್ದಿತು, ಚೀಟಿಗೆ ಕೆಲಸ ಬೀಳಲಿಲ್ಲ.

ಇನ್ನು ಒಂದು ‘ಇಸು’ ಮಾಡುವ ಆಟ. ಹೊಣೆ ಹೊರು ಎಂದರೆ ನಾನು ಹೆಗಲು ಕೊಟ್ಟೆ. ಹೊಣೆ ಹೊರಿಸು ಎಂದಾಗ ಅದು ನೇರವಾಗಿ ಆರೋಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಲ್ಲ ಈ ‘ಇಸು’ವಿನ ಕೈಚಳಕವೇ. ಪತ್ರಿಕೆಗಳ ‘ನೈತಿಕ ಹೊಣೆ’ಯೂ ಇಲ್ಲೇ ಸಿಕ್ಕಿಕೊಂಡಿದೆ. 1956ರ ನವೆಂಬರ್‌ನಲ್ಲಿ ತಮಿಳುನಾಡಿನ ಅರಿಯಲೂರಿನ ಬಳಿ ರೈಲು ದುರಂತದಲ್ಲಿ 100ಕ್ಕೂ ಹೆಚ್ಚು ಮಂದಿ ಸತ್ತಾಗ ರೈಲ್ವೆ ಸಚಿವ ಲಾಲ್ ಬಹಾದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟರು. ರೈಲು ಓಡಿಸಿದವರು ಅವರಲ್ಲ, ಹೊತ್ತದ್ದು ಅವರು. ಈಗ ‘ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಡಲಿ’ ಎಂದು ಎದುರಾಳಿಗಳು ಕೂಗುತ್ತಾರೆ. ಇನ್ನೊಬ್ಬರು ಒತ್ತಾಯಿಸಿ ಹೊರಿಸಿದ್ದು ನೈತಿಕ ಹೊಣೆ ಹೇಗಾಗುತ್ತದೋ ನನಗೆ ಅರ್ಥವಾಗಿಲ್ಲ.

‘ನಾವೆಲ್ಲರೂ ಹೊಣೆ’ ಎಂಬ ಮಾತಿನ ಬಗ್ಗೆಯೂ ನನಗೆ ಗುಮಾನಿ. ಎಲ್ಲರೂ ಜಾಮೀನು ನಿಂತ ಕಡೆ ಸಾಲ ಕೇಳಲು ಯಾರ ಬಾಗಿಲಿಗೆ ಹೋಗುವುದು?

ಕೊನೆಗೆ ಉಳಿದದ್ದು ‘ಹೊಣೆಗೇಡಿ’. ಸುಮ್ಮನೆ ಬೈಗುಳವಾಗಿ ಬಳಸುತ್ತೇವೆ, ಆದರೆ ಪದ ಬಿಡಿಸಿದರೆ ಹೊಣೆಯನ್ನು ಕೆಡಿಸಿದವನು ಎಂದಾಗುತ್ತದೆ. ಕೆಡಿಸಬೇಕಾದರೆ ಮೊದಲು ಒಪ್ಪಿಕೊಂಡಿರಬೇಕಲ್ಲ! ‘ಇದು ನನ್ನ ಕೈಲಾಗದು, ಬೇರೆಯವರನ್ನು ನೋಡಿ’ ಎಂದು ಮೊದಲೇ ಹೇಳಿದವರನ್ನು ನಾವು ಸೋಮಾರಿ ಎನ್ನಬಹುದು, ಪುಕ್ಕಲು ಎನ್ನಬಹುದು. ಹೊಣೆಗೇಡಿ ಎಂಬ ಪದ ಅವರಿಗೆ ಅಂಟುವುದಿಲ್ಲ.