ಎಫ್‌ಐಆರ್ ಆದ ಕೂಡಲೇ ವಜಾ: ಈ ಷರತ್ತು ಏಕೆ ಕೆಲಸಕ್ಕೆ ಬರಲ್ಲ?

ಅಪಾಯಿಂಟ್‌ಮೆಂಟ್ ಲೆಟರ್ ಸ್ವಲ್ಪ ನೋಡಿಕೊಡಿ ಅಂತ ಸಣ್ಣ ಕಂಪನಿಯವರು ತರುವ ಕಾಗದದಲ್ಲಿ ಒಂದು ಸಾಲು ಇದ್ದೇ ಇರುತ್ತದೆ: "ನೌಕರನ ವಿರುದ್ಧ ಯಾವುದೇ ಕ್ರಿಮಿನಲ್ ಪ್ರಕರಣ ದಾಖಲಾದಲ್ಲಿ ನೋಟಿಸ್ ನೀಡದೆ ಸೇವೆಯಿಂದ ವಜಾಗೊಳಿಸಲಾಗುವುದು." ಯಾವುದೋ ದೊಡ್ಡ ಕಂಪನಿಯ ಲೆಟರ್‌ನಿಂದ ಎತ್ತಿಕೊಂಡದ್ದು. ಓದಿದರೆ ಖಡಕ್ಕಾಗಿದೆ. ಕೆಲಸಕ್ಕೆ ಮಾತ್ರ ಬರುವುದಿಲ್ಲ.

ಪೀಣ್ಯದ ಒಂದು ಫ್ಯಾಕ್ಟರಿ ಅಂತ ಇಟ್ಟುಕೊಳ್ಳಿ. ಸ್ಟೋರ್ಸ್ ನೋಡಿಕೊಳ್ಳುವವನು ತಾಮ್ರದ ಸ್ಕ್ರ್ಯಾಪನ್ನು ಸ್ವಲ್ಪಸ್ವಲ್ಪವೇ ಹೊರಗೆ ಮಾರುತ್ತಿದ್ದಾನೆ. ಗೇಟ್ ಪಾಸಿನ ಪುಸ್ತಕದಲ್ಲಿ ತೂಕ ತಾಳೆಯಾಗುವುದಿಲ್ಲ, ಕ್ಯಾಮೆರಾದಲ್ಲಿ ಆಟೋ ಕಾಣುತ್ತದೆ. ಆದರೆ ಮಾಲೀಕರಿಗೆ ಸ್ಟೇಷನ್ ಮೆಟ್ಟಿಲು ಹತ್ತಲು ಇಷ್ಟವಿಲ್ಲ. ಬಿಲ್ ಇಲ್ಲದ ಮಾಲಿನ ಪ್ರಶ್ನೆ ಬಂದೀತು ಎಂಬ ಅಳುಕು ಒಂದು ಕಡೆ, ಮಹಜರು, ಕೋರ್ಟು ಅಂತ ಯಾರು ಓಡಾಡುತ್ತಾರೆ ಎಂಬ ಬೇಸರ ಇನ್ನೊಂದು ಕಡೆ. ಹಾಗಾಗಿ ಎಫ್‌ಐಆರ್ ಇಲ್ಲ. ಎಫ್‌ಐಆರ್ ಇಲ್ಲದಿದ್ದರೆ ಆ ಷರತ್ತೂ ಇಲ್ಲ.

ಅದೇ ಫ್ಯಾಕ್ಟರಿಯ ಮೆಷಿನ್ ಆಪರೇಟರ್ ಹಬ್ಬಕ್ಕೆ ಊರಿಗೆ ಹೋಗಿದ್ದ. ಅಲ್ಲಿ ದಾಯಾದಿಗಳ ನಡುವೆ ಬದುವಿನ ಜಗಳ. ದೂರು ಕೊಟ್ಟವರು ಮನೆಯವರೆಲ್ಲರ ಹೆಸರು ಬರೆಸಿದರು, ಇವನದ್ದೂ ಸೇರಿತು. ಲೆಟರ್ ಪ್ರಕಾರ ಕೆಲಸ ಹೋಗಬೇಕಾದ್ದು ಇವನದ್ದೇ! ಕದ್ದವನು ಒಳಗೆ, ಕೆಲಸ ಮಾಡುವವನು ಹೊರಗೆ.

ಎಫ್‌ಐಆರ್ ಅಂದರೆ ಪೊಲೀಸರು ಬರೆದುಕೊಂಡ ಮೊದಲ ಮಾಹಿತಿ, ಅಷ್ಟೇ. ಅದನ್ನು ನಂಬಿ ಷರತ್ತು ಬರೆದರೆ ತೀರಾ ಬೇಗ ಆಯಿತು. ಸರಿ, "ಶಿಕ್ಷೆಯಾದಲ್ಲಿ" ಅಂತ ಬರೆಯೋಣ ಅನ್ನುತ್ತೀರಾ? ಅದು ತೀರಾ ತಡ. ಕೇಸು ಮುಗಿಯುವ ಹೊತ್ತಿಗೆ ಆತ ರಿಟೈರ್ ಆಗಿದ್ದರೂ ಆಶ್ಚರ್ಯವಿಲ್ಲ.

ಆದ್ದರಿಂದ ಷರತ್ತು ಸ್ಟೇಷನ್ನನ್ನು ನೋಡಬಾರದು, ಕೃತ್ಯವನ್ನು ನೋಡಬೇಕು. ನಾನು ಸಾಮಾನ್ಯವಾಗಿ ಹೀಗೆ ಬರೆದುಕೊಡುತ್ತೇನೆ: "ಕೆಲಸದ ಸ್ಥಳದಲ್ಲಿ ಅಥವಾ ಕೆಲಸಕ್ಕೆ ಸಂಬಂಧಿಸಿದಂತೆ ಕಳ್ಳತನ, ಹಣ ದುರುಪಯೋಗ, ಸುಳ್ಳು ದಾಖಲೆ, ಲಂಚ, ಹಲ್ಲೆ ಅಥವಾ ಲೈಂಗಿಕ ಕಿರುಕುಳ ನಡೆಸಿದ್ದು ಆಂತರಿಕ ವಿಚಾರಣೆಯಲ್ಲಿ ಸಾಬೀತಾದರೆ, ಪೊಲೀಸ್ ಪ್ರಕರಣ ಇರಲಿ ಇಲ್ಲದಿರಲಿ, ಸೇವೆಯಿಂದ ವಜಾಗೊಳಿಸಬಹುದು." ಲೈಂಗಿಕ ಕಿರುಕುಳದ ದೂರನ್ನು ಮಾತ್ರ 2013ರ ಕಾಯ್ದೆಯಡಿ ರಚಿಸಿದ ಸಮಿತಿಯೇ ನೋಡಬೇಕು, ಮ್ಯಾನೇಜರ್ ಅಲ್ಲ.

ಕೋರ್ಟಿನಲ್ಲಿ ಸಾಬೀತಾಗದ್ದು ಫ್ಯಾಕ್ಟರಿಯಲ್ಲಿ ಹೇಗೆ ಸಾಬೀತಾಗುತ್ತದೆ ಅಂತ ಕೇಳುವವರಿದ್ದಾರೆ. ಎರಡಕ್ಕೂ ಅಳತೆ ಬೇರೆ. ಜೈಲಿಗೆ ಕಳಿಸಬೇಕಾದರೆ ಸಂಶಯಕ್ಕೆ ಎಡೆಯೇ ಇರಬಾರದು. ಕೆಲಸದಿಂದ ತೆಗೆಯಲು, ನಡೆದಿರುವ ಸಾಧ್ಯತೆಯೇ ಜಾಸ್ತಿ ಅಂತ ಸಾಕ್ಷ್ಯ ಹೇಳಿದರೆ ಸಾಕು. ಆದರೆ ಆ ವಿಚಾರಣೆ ನೆಟ್ಟಗೆ ನಡೆದಿರಬೇಕು.

ನೆಟ್ಟಗೆ ನಡೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕೆಜಿಎಫ್‌ನದ್ದೇ ಕೇಸಿದೆ. ಭಾರತ್ ಗೋಲ್ಡ್ ಮೈನ್ಸ್‌ನಲ್ಲಿ ಸೆಕ್ಯುರಿಟಿ ಆಫೀಸರ್ ಆಗಿದ್ದ ಕ್ಯಾಪ್ಟನ್ ಪಾಲ್ ಆಂಟನಿ ಅವರ ಮನೆಯ ಮೇಲೆ 1985ರ ಜೂನ್‌ನಲ್ಲಿ ಪೊಲೀಸ್ ದಾಳಿ ಆಯಿತು. 4.5 ಗ್ರಾಂ ತೂಕದ ಚಿನ್ನದ ಉಂಡೆ, 1276 ಗ್ರಾಂ ಚಿನ್ನ ಮಿಶ್ರಿತ ಮರಳು ಸಿಕ್ಕಿತು ಎಂಬುದು ಆರೋಪ. ಸಸ್ಪೆಂಡ್ ಮಾಡಿದರು. ಆದರೆ ಸಸ್ಪೆನ್ಷನ್ ಕಾಲದಲ್ಲಿ ಸಂಬಳದ ಬದಲು ಕೊಡಬೇಕಾದ ಜೀವನಾಧಾರ ಭತ್ಯೆ ಕೊಡಲಿಲ್ಲ. ಅವರು ಕೇರಳದಲ್ಲಿದ್ದರು, ವಿಚಾರಣೆಗೆ ಬರಲು ದುಡ್ಡಿಲ್ಲ, ಆರೋಗ್ಯವೂ ಸರಿಯಿಲ್ಲ. ಕಂಪನಿ ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿತು. ಮರುವರ್ಷ ಕ್ರಿಮಿನಲ್ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. 1999ರಲ್ಲಿ ಸುಪ್ರೀಂ ಕೋರ್ಟ್ ವಜಾ ಆದೇಶವನ್ನೇ ಕಿತ್ತುಹಾಕಿತು. ಕಾರಣ, ಕ್ರಿಮಿನಲ್ ಕೇಸಿನಲ್ಲೂ ಕಂಪನಿಯ ವಿಚಾರಣೆಯಲ್ಲೂ ಅದೇ ಆರೋಪ, ಅದೇ ಸಾಕ್ಷಿಗಳು, ಆ ಸಾಕ್ಷ್ಯವನ್ನು ಕ್ರಿಮಿನಲ್ ಕೋರ್ಟ್ ನಂಬಿರಲಿಲ್ಲ. ಮೇಲಾಗಿ, ಭತ್ಯೆ ಕೊಡದೆ ಬಾ ಅಂದರೆ ಮನುಷ್ಯ ಬರುವುದು ಹೇಗೆ?

ಆದ್ದರಿಂದ ಷರತ್ತಿನಲ್ಲಿ ಸಸ್ಪೆನ್ಷನ್ ಬಗ್ಗೆ ಎರಡು ಸಾಲು ಬರೆಯಲೇಬೇಕು. ಕಾರ್ಮಿಕರಿಗೆ ಮೊದಲ 90 ದಿನ ಅರ್ಧ ವೇತನ, ಆಮೇಲೂ ಅವರ ತಪ್ಪಿಲ್ಲದೆ ವಿಚಾರಣೆ ಎಳೆದರೆ ಮುಕ್ಕಾಲು. "ಸಸ್ಪೆನ್ಷನ್ ಅವಧಿಯಲ್ಲಿ ಸಂಬಳ ಇಲ್ಲ" ಅಂತ ಬರೆದ ಲೆಟರ್‌ಗಳನ್ನು ಈಗಲೂ ನೋಡುತ್ತೇನೆ. ಅದು ಮಾಲೀಕರು ತಮ್ಮ ಕೇಸಿಗೆ ತಾವೇ ಹಾಕಿಕೊಂಡ ಕೊಡಲಿ ಪೆಟ್ಟು.

ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗುವ ಇಡಿಗಂಟು, ಅಂದರೆ ಗ್ರ್ಯಾಚುಟಿ, ಅದರ ವಿಷಯದಲ್ಲಂತೂ ಗೊಂದಲವೋ ಗೊಂದಲ. ನೈತಿಕ ಅಧಃಪತನದ (ಕಳ್ಳತನ, ಮೋಸದಂಥ) ಅಪರಾಧಕ್ಕೆ ಗ್ರ್ಯಾಚುಟಿ ತಡೆಯಬೇಕಾದರೆ ಶಿಕ್ಷೆಯಾಗಿರಬೇಕು ಅಂತ 2018ರಲ್ಲಿ, ಯೂನಿಯನ್ ಬ್ಯಾಂಕ್ ಕೇಸಿನಲ್ಲಿ, ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಫೆಬ್ರವರಿಯಲ್ಲಿ ವೆಸ್ಟರ್ನ್ ಕೋಲ್ ಫೀಲ್ಡ್ಸ್ ಕೇಸಿನಲ್ಲಿ ಶಿಕ್ಷೆ ಬೇಕಿಲ್ಲ, ವಿಚಾರಣೆಯಲ್ಲಿ ಸಾಬೀತಾದರೆ ಸಾಕು ಅಂತ ಬಂತು. ಆದರೆ ಪೂರ್ತಿ ನುಂಗಲು ಎಲ್ಲರಿಗೂ ಬಿಡಲಿಲ್ಲ. ಸುಳ್ಳು ಜನ್ಮದಿನಾಂಕ ಕೊಟ್ಟು ಕೆಲಸ ಹಿಡಿದವರ ಗ್ರ್ಯಾಚುಟಿ ಪೂರ್ತಿ ಹೋಯಿತು. ಟಿಕೆಟ್ ಹಣದಲ್ಲಿ ಕೈಯಾಡಿಸಿದ ಮಹಾರಾಷ್ಟ್ರದ ಬಸ್ ಕಂಡಕ್ಟರ್‌ಗಳದ್ದು 25% ಮಾತ್ರ ಕಡಿತವಾಯಿತು. ನನಗೆ ಇದು ನ್ಯಾಯ ಅನ್ನಿಸುತ್ತದೆ. ಇನ್ನೊಂದು ಮಾತು: ಈ ನಿಯಮ ಕೆಲಸದ ಸಂದರ್ಭದಲ್ಲಿ ಮಾಡಿದ ಕೃತ್ಯಕ್ಕೆ ಮಾತ್ರ. ಬದುವಿನ ಜಗಳಕ್ಕೆ ಗ್ರ್ಯಾಚುಟಿ ಮುಟ್ಟುವಂತಿಲ್ಲ, ಲೆಟರ್‌ನಲ್ಲಿ ಏನೇ ಬರೆದಿರಿ.

ಕೆಲಸಕ್ಕೆ ಸೇರುವಾಗ ಹಳೆ ಕೇಸು ಇದೆಯಾ ಅಂತ ಫಾರಂನಲ್ಲಿ ಕೇಳುವುದು ಸರಿಯೇ. ಮುಚ್ಚಿಟ್ಟರೆ ಕ್ರಮ ತೆಗೆದುಕೊಳ್ಳಬಹುದು. ಆದರೆ ಸುಪ್ರೀಂ ಕೋರ್ಟಿನ 2016ರ ಅವತಾರ್ ಸಿಂಗ್ ತೀರ್ಪು, ಹರೆಯದಲ್ಲಿ ಘೋಷಣೆ ಕೂಗಿದಂಥ ಸಣ್ಣಪುಟ್ಟ ಕೇಸನ್ನೂ ದೊಡ್ಡ ಅಪರಾಧವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅನ್ನುತ್ತದೆ. ಅದು ಸರ್ಕಾರಿ ಕೆಲಸದ ಕೇಸು, ಆದರೂ ಖಾಸಗಿಯವರಿಗೂ ಒಳ್ಳೆಯ ದಾರಿ.

ನನಗೆ ತೀರಾ ಸಿಟ್ಟು ತರಿಸುವುದು ಇನ್ನೊಂದು ಬಗೆಯ ಕಾಗದ. ಸಿಕ್ಕಿಬಿದ್ದವನನ್ನು ರೂಮಿನಲ್ಲಿ ಕೂರಿಸಿ ಬರೆಸಿಕೊಳ್ಳುವ ತಪ್ಪೊಪ್ಪಿಗೆ, ಜೊತೆಗೊಂದು ಖಾಲಿ ಚೆಕ್ಕು, ಕೆಳಗೆ "ಹಣ ಪೂರ್ತಿ ಕಟ್ಟಿದರೆ ದೂರು ಕೊಡುವುದಿಲ್ಲ" ಎಂಬ ಸಾಲು. ನಷ್ಟ ವಸೂಲಿಗೆ ಒಪ್ಪಂದ ಮಾಡಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಕ್ರಿಮಿನಲ್ ಕೇಸನ್ನೇ ವ್ಯಾಪಾರಕ್ಕಿಟ್ಟರೆ 1872ರ ಕರಾರು ಕಾಯ್ದೆಯ 23ನೇ ಕಲಂ ಅಡ್ಡ ಬರುತ್ತದೆ, ಕಾನೂನಿಗೆ ವಿರುದ್ಧವಾದ ಉದ್ದೇಶದ ಕರಾರು ನಿಲ್ಲುವುದಿಲ್ಲ. ರಾಜಿಗೆ ಕಾನೂನೇ ಅವಕಾಶ ಕೊಟ್ಟಿರುವ ಅಪರಾಧಗಳ ಮಾತು ಬೇರೆ. ಬೆದರಿಸಿ ಬರೆಸಿಕೊಂಡದ್ದು ಅಂತ ಆತ ತಿರುಗಿಬಿದ್ದರೆ ಆರೋಪಿ ಸ್ಥಾನದಲ್ಲಿ ನೀವೇ ನಿಂತಿರುತ್ತೀರಿ.

ಹಳೆ ಲೆಟರ್ ತೆಗೆದಾಗ ಇದನ್ನೂ ನೋಡಿ: "ಭಾರತೀಯ ದಂಡ ಸಂಹಿತೆಯ 381, 408ನೇ ಕಲಂ" ಅಂತೆಲ್ಲ ಇರುತ್ತದೆ. 2024ರ ಜುಲೈ 1ರಿಂದ ಆ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ನೌಕರ ಮಾಡಿದ ಕಳ್ಳತನ ಈಗ 306ರಲ್ಲಿದೆ. ಸುಮ್ನೆ ನಂಬರ್ ಹಾಕಲು ಹೋಗಬೇಡಿ. ಕಳ್ಳತನ ಅಂತಲೇ ಬರೆಯಿರಿ, ಸಹಿ ಹಾಕುವವನಿಗೂ ಅರ್ಥವಾಗುತ್ತದೆ.